ಲ್ವಾರ್ ನದಿಯ ಗುಂಟ ಸೈಕಲ್ಲು ಮತ್ತು ಡೇರೆ: ದಂಪತಿಗಳಿಗೊಂದು ಮಾರ್ಗದರ್ಶಿ

ಫ್ರಾನ್ಸಿನ ಹಳ್ಳಿಗಾಡನ್ನು ಸೈಕಲ್ಲಿನಲ್ಲಿ ಸುತ್ತಿ ರಾತ್ರಿ ಡೇರೆಯಲ್ಲಿ ಮಲಗಬೇಕೆಂದು ಗಂಡ-ಹೆಂಡತಿ ಮೊದಲ ಬಾರಿಗೆ ಹೊರಡುವುದಾದರೆ, ಆಲ್ಪ್ಸ್ ಪರ್ವತದ ಏರುಗಳನ್ನು ಮುಂದಿನ ವರ್ಷಗಳಿಗೆ ಬಿಟ್ಟು ಲ್ವಾರ್ ನದಿಯ ಕಣಿವೆಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ‘ಲ್ವಾರ್ ಆ ವೇಲೊ’ ಎಂದು ಕರೆಯುವ ಇಲ್ಲಿನ ಸೈಕಲ್ ಮಾರ್ಗ ನೆವೇರ್ ಪಟ್ಟಣದ ಬಳಿ ಆರಂಭವಾಗಿ ಅಟ್ಲಾಂಟಿಕ್ ಕರಾವಳಿಯವರೆಗೆ ಸುಮಾರು 900 ಕಿ.ಮೀ. ಸಾಗುತ್ತದೆ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಹೋಗುವ ‘ಯೂರೋವೇಲೊ 6’ ಎಂಬ ಸೈಕಲ್ ಮಹಾಮಾರ್ಗವೂ ಈ ಭಾಗದಲ್ಲಿ ಬಹುಪಾಲು ಇದೇ ದಂಡೆಯನ್ನು ಹಿಡಿದು ಹೋಗುತ್ತದೆ. ಹಳೆಯ ಕಾಲದಲ್ಲಿ ನೆರೆ ತಡೆಯಲು ಕಟ್ಟಿದ ಮಣ್ಣಿನ ಏರಿಗಳು, ವಾಹನ ಅಪರೂಪವಾದ ಹಳ್ಳಿರಸ್ತೆಗಳು, ದ್ರಾಕ್ಷಿತೋಟದ ಬದುಗಳು, ಇವುಗಳ ಮೇಲೆಯೇ ದಾರಿ ಸಾಗುವುದರಿಂದ ಏರಿಳಿತ ಕಡಿಮೆ. ಹಸಿರು-ಬಿಳಿ ಫಲಕಗಳು ತಿರುವು ತಿರುವಿನಲ್ಲೂ ಇರುವುದರಿಂದ ದಾರಿ ತಪ್ಪುವ ಭಯವೂ ಕಡಿಮೆ.

ಇಂಥ ಪ್ರವಾಸವನ್ನು ಯೋಜಿಸುವವರು ಸಾಮಾನ್ಯವಾಗಿ ನಕ್ಷೆ ಹರಡಿಕೊಂಡು ದಿನಕ್ಕೆ ಎಷ್ಟು ಕಿಲೋಮೀಟರ್ ಎಂದು ಲೆಕ್ಕ ಹಾಕುತ್ತಾರೆ. ಅದು ಬೇಕಾದ ಲೆಕ್ಕವೇ, ಆದರೆ ಫ್ರಾನ್ಸಿನ ಹಳ್ಳಿಗಳಲ್ಲಿ ದಿನ ಸುಗಮವಾಗಿ ಸಾಗುವುದೋ ಇಲ್ಲವೋ ಎಂಬುದು ಹೆಚ್ಚಾಗಿ ಅಂಗಡಿಯ ಬಾಗಿಲು, ಕ್ಯಾಂಪಿಂಗ್ (ಹಣ ಕೊಟ್ಟು ಡೇರೆ ಹಾಕುವ ಜಾಗ) ಕಚೇರಿಯ ಬಾಗಿಲು ಮತ್ತು ಗಾಳಿ ಈ ಮೂರನ್ನು ಅವಲಂಬಿಸಿರುತ್ತದೆ. ಆದ್ದರಿಂದ ದೂರಕ್ಕಿಂತ ಹೊತ್ತಿನ ವಿಷಯವನ್ನು ಇಲ್ಲಿ ಹೆಚ್ಚಾಗಿ ಬರೆದಿದ್ದೇನೆ.

ದಿಕ್ಕು, ತಿಂಗಳು, ವೀಸಾ

ನದಿ ಪಶ್ಚಿಮಕ್ಕೆ ಹರಿಯುವುದರಿಂದ ಹರಿವಿನ ಜೊತೆಗೇ ಹೋಗುವುದು ಸುಲಭವೆಂದು ಅನೇಕರು ಓರ್ಲೆಯಾಂ ನಗರದಿಂದ ನಾಂತ್ ಕಡೆಗೆ ಹೊರಡುತ್ತಾರೆ. ನದಿಯ ಇಳಿಜಾರು ಎಷ್ಟು ಅಲ್ಪವೆಂದರೆ ಪೆಡಲ್ ತುಳಿಯುವ ಕಾಲಿಗೆ ಅದು ತಿಳಿಯುವುದೇ ಇಲ್ಲ. ಆದರೆ ಅಟ್ಲಾಂಟಿಕ್ ಕಡೆಯಿಂದ ಬೀಸುವ ಪಡುವಣ ಗಾಳಿ, ಮರದ ಮರೆಯಿಲ್ಲದ ಏರಿಯ ಮೇಲೆ, ನಾಲ್ಕು ಚೀಲ ಕಟ್ಟಿದ ಸೈಕಲ್ಲನ್ನು ಹಿಡಿದು ನಿಲ್ಲಿಸಿದಂತೆ ಮಾಡುತ್ತದೆ. ಎಲ್ಲ ದಿನವೂ ಗಾಳಿ ಅದೇ ದಿಕ್ಕಿನಿಂದ ಬರುತ್ತದೆಂದು ಹೇಳಲಾಗದಿದ್ದರೂ, ಹೊಸಬರು ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ಆಂಜೆ ನಗರದಿಂದ ಹೊರಟು ಸೋಮ್ಯೂರ್, ಶಿನೋಂ, ತೂರ್, ಆಂಬ್ವಾಸ್, ಬ್ಲ್ವಾ ಮಾರ್ಗವಾಗಿ ಓರ್ಲೆಯಾಂ ಸೇರುವುದೇ ಮೇಲೆಂಬುದು ನನ್ನ ಅಭಿಪ್ರಾಯ. ಇದು ಸುಮಾರು 300 ಕಿ.ಮೀ. ದಾರಿ. ದಿನಕ್ಕೆ 40 ಕಿ.ಮೀ.ನಂತೆ ತುಳಿದು, ನಡುವೆ ಎರಡು ಮೂರು ದಿನ ಒಂದೇ ಕಡೆ ತಂಗಿದರೂ ಹತ್ತು ಹನ್ನೊಂದು ದಿನಗಳಲ್ಲಿ ಆರಾಮವಾಗಿ ಮುಗಿಯುತ್ತದೆ.

ಮೇ ಕೊನೆಯ ವಾರದಿಂದ ಜೂನ್ ಮುಗಿಯುವವರೆಗೆ, ಇಲ್ಲವೇ ಸೆಪ್ಟೆಂಬರ್ ತಿಂಗಳ ಮೊದಲ ಎರಡು ಮೂರು ವಾರ ಹೋಗುವುದು ಉತ್ತಮ. ಜುಲೈ ಮತ್ತು ಆಗಸ್ಟ್ ಫ್ರೆಂಚ್ ಶಾಲೆಗಳ ರಜಾಕಾಲವಾದ್ದರಿಂದ ಡೇರೆಯ ಜಾಗಕ್ಕೂ ರೈಲಿನಲ್ಲಿ ಸೈಕಲ್ ಇಡುವ ಜಾಗಕ್ಕೂ ಪೈಪೋಟಿ ಇರುತ್ತದೆ. ಜೂನ್ ತಿಂಗಳಲ್ಲಿ ರಾತ್ರಿ ಹತ್ತು ಗಂಟೆಯ ಹತ್ತಿರದವರೆಗೂ ಬೆಳಕಿರುವುದು ದೊಡ್ಡ ಅನುಕೂಲ. ಆದರೆ ಮೇ ತಿಂಗಳ ಬೆಳಗಿನ ಜಾವ ಬೆಂಗಳೂರಿನ ಚಳಿಯನ್ನು ಮೀರಿಸುವಂತಿರುತ್ತದೆ. 5 ಡಿಗ್ರಿ ಸೆಲ್ಸಿಯಸ್‌ವರೆಗೆ ತಡೆಯಬಲ್ಲ ಸ್ಲೀಪಿಂಗ್ ಬ್ಯಾಗ್ ಮತ್ತು ನೆಲದ ತಂಪು ತಾಗದಂತೆ ಮಾಡುವ ಒಳ್ಳೆಯ ಮ್ಯಾಟ್ ಇದ್ದರೆ ನಿದ್ದೆ ಕೆಡುವುದಿಲ್ಲ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ, ಅಂದರೆ ಫ್ರಾನ್ಸ್ ಸೇರಿ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳಿರುವಾಗಿನಿಂದ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ವಿಮೆ ಕಡ್ಡಾಯ. ಸೈಕಲ್ ಪ್ರವಾಸಿಗಳಿಗೆ ತೊಡಕಾಗುವುದು ಪ್ರತಿ ರಾತ್ರಿಯ ವಸತಿಗೆ ಪುರಾವೆ ತೋರಿಸುವ ವಿಷಯದಲ್ಲಿ. ಹಳ್ಳಿಯ ಪುಟ್ಟ ಕ್ಯಾಂಪಿಂಗ್ ಜಾಗಗಳಲ್ಲಿ ಮುಂಗಡ ಕಾಯ್ದಿರಿಸುವ ಏರ್ಪಾಡು ಇರದಿರಬಹುದು. ಹೀಗಾಗಿ ಪಟ್ಟಣಗಳ ಹತ್ತಿರದ, ಇಮೇಲ್ ಮೂಲಕ ಲಿಖಿತ ದೃಢೀಕರಣ ಕೊಡುವ ಕ್ಯಾಂಪಿಂಗ್‌ಗಳನ್ನೇ ಆರಿಸಿ, ಯಾವ ದಿನ ಎಲ್ಲಿಂದ ಎಲ್ಲಿಗೆ, ಎಷ್ಟು ದೂರ, ರಾತ್ರಿ ಎಲ್ಲಿ ಎಂಬುದನ್ನು ಒಂದು ಪುಟದ ಪಟ್ಟಿಯಾಗಿ ಬರೆದು ವಿವರಣಾ ಪತ್ರದೊಂದಿಗೆ ಲಗತ್ತಿಸಬೇಕು. ಈ ಪಟ್ಟಿ ವೀಸಾ ಅಧಿಕಾರಿಗೆ ಉಪಯೋಗವಾಗುವಷ್ಟೇ ನಿಮಗೂ ಆಗುತ್ತದೆ.

ಸೈಕಲ್ಲು, ಹೊರೆ ಮತ್ತು ಇಬ್ಬರ ವೇಗ

ಭಾರತದಿಂದ ಸೈಕಲ್ಲನ್ನು ಬಿಚ್ಚಿ, ಪೆಟ್ಟಿಗೆಗೆ ತುಂಬಿ, ವಿಮಾನದಲ್ಲಿ ಸಾಗಿಸಿ, ಪ್ಯಾರಿಸ್ಸಿನಿಂದ ರೈಲಿಗೇರಿಸುವ ಶ್ರಮವು ಎರಡು ವಾರದ ಪ್ರವಾಸಕ್ಕೆ ಹೆಚ್ಚೇ ಆಯಿತು. ಲ್ವಾರ್ ಕಣಿವೆಯಲ್ಲಿ ಒಂದು ಊರಲ್ಲಿ ಬಾಡಿಗೆಗೆ ಪಡೆದ ಸೈಕಲ್ಲನ್ನು ಇನ್ನೊಂದು ಊರಲ್ಲಿ ಹಿಂದಿರುಗಿಸುವ ಸೌಲಭ್ಯವಿದೆ. ಕ್ಯಾರಿಯರ್, ಅದರ ಪಕ್ಕಕ್ಕೆ ತೂಗುಹಾಕುವ ಪ್ಯಾನಿಯರ್ ಚೀಲ, ಬೀಗ, ಪಂಕ್ಚರ್ ಸಾಮಾನು ಸಮೇತ ಕೊಡುತ್ತಾರೆಯೇ ಎಂದು ಮೊದಲೇ ಬರೆದು ಕೇಳಿಕೊಳ್ಳಬೇಕು. 35ರಿಂದ 40 ಮಿ.ಮೀ. ಅಗಲದ ಟೈರು ಈ ದಾರಿಗೆ ಸರಿಯಾಗಿ ಹೊಂದುತ್ತದೆ, ಏಕೆಂದರೆ ಡಾಂಬರು ಮುಗಿದು ಜಲ್ಲಿಮಣ್ಣು ಬರುವ ತುಂಡುಗಳು ಅಲ್ಲಲ್ಲಿ ಇವೆ. ಸೀಟು ಮಾತ್ರ ನಿಮಗೆ ಒಗ್ಗಿದ್ದನ್ನೇ ಊರಿನಿಂದ ಒಯ್ಯಿರಿ.

ಹೊರೆಯನ್ನು ಸಮಪಾಲು ಮಾಡಿಕೊಳ್ಳುವುದು ನ್ಯಾಯವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಇಬ್ಬರ ಕಾಲಿನ ಬಲ ಒಂದೇ ಆಗಿರುವುದು ಅಪರೂಪ. ವೇಗವಾಗಿ ತುಳಿಯುವವರು ಡೇರೆ, ಒಲೆ, ಪಾತ್ರೆ, ಉಪಕರಣ, ದಿನಸಿ ಇವುಗಳನ್ನೂ, ನಿಧಾನವಾಗಿ ತುಳಿಯುವವರು ಬಟ್ಟೆ, ಸ್ಲೀಪಿಂಗ್ ಬ್ಯಾಗ್‌ನಂಥ ಹಗುರ ವಸ್ತುಗಳನ್ನೂ ಹೊತ್ತರೆ ಇಬ್ಬರ ವೇಗವೂ ತಾನಾಗಿ ಹತ್ತಿರ ಬರುತ್ತದೆ. ಗಾಳಿ ಬೆನ್ನಿಗಿರುವಾಗ ನಿಧಾನಿಗಳು ಮುಂದೆ ಹೋಗಿ ವೇಗವನ್ನು ನಿರ್ಧರಿಸಬೇಕು; ಎದುರುಗಾಳಿಯಲ್ಲಿ ಬಲಶಾಲಿಗಳು ಮುಂದಾಗಿ ಹಿಂದಿನವರಿಗೆ ಮರೆಯಾಗಬೇಕು. ಹಿಂದಿನಿಂದ ‘ರೀ, ಸ್ವಲ್ಪ ನಿಲ್ಲಿ’ ಎಂದು ಎಷ್ಟು ಕೂಗಿದರೂ ಗಾಳಿಯಲ್ಲಿ ಮುಂದಿನವರ ಕಿವಿಗೆ ಬೀಳುವುದಿಲ್ಲ. ಎರಡು ಸಲ ಗಂಟೆ ಬಾರಿಸಿದರೆ ನಿಲ್ಲಬೇಕೆಂದೂ, ದಾರಿ ಕವಲೊಡೆಯುವ ಯಾವುದೇ ಫಲಕದ ಬಳಿ ಮುಂದಿನವರು ಕಾಯಲೇಬೇಕೆಂದೂ ಮೊದಲ ದಿನವೇ ಮಾತಾಡಿಕೊಂಡರೆ ಅರ್ಧದಷ್ಟು ಜಗಳ ಹುಟ್ಟುವುದೇ ಇಲ್ಲ. ನಕ್ಷೆ ಇಳಿಸಿಕೊಂಡ ಫೋನು, ಸ್ವಲ್ಪ ನಗದು, ಪಾಸ್‌ಪೋರ್ಟಿನ ಪ್ರತಿ, ಒಂದು ಟ್ಯೂಬು ಇಬ್ಬರ ಬಳಿಯೂ ಬೇರೆ ಬೇರೆಯಾಗಿ ಇರಲಿ.

ಡೇರೆಯ ವಿಷಯದಲ್ಲಿ ಒಂದೇ ಮಾತು: ಇಬ್ಬರಿಗೆಂದು ಮಾರುವ ಡೇರೆಯಲ್ಲಿ ಇಬ್ಬರು ಮಲಗಬಹುದು, ಚೀಲ ಇಡಲಾಗದು. ಮಳೆ ಸುರಿಯುವ ಸಂಜೆ ಎಂಟು ಚೀಲಗಳೊಂದಿಗೆ ಒಳಗೆ ಕೂರಬೇಕಾಗುವುದರಿಂದ ಮೂವರ ಡೇರೆ ಕೊಳ್ಳಿರಿ.

ಬಾಗಿಲು ತೆರೆಯುವ ಹೊತ್ತು, ಮುಚ್ಚುವ ಹೊತ್ತು

ಫ್ರೆಂಚ್ ಹಳ್ಳಿಯಲ್ಲಿ ಮೊದಲು ತೆರೆಯುವುದು ಬ್ರೆಡ್ ಅಂಗಡಿ, ಅಂದರೆ ಬೂಲಾಂಜೆರಿ. ಬೆಳಗ್ಗೆ ಏಳರ ಸುಮಾರಿಗೆ ಬಾಗೆತ್ ಎಂಬ ಉದ್ದನೆಯ ಬಿಸಿ ಬ್ರೆಡ್ ಸಿಗುತ್ತದೆ. ಒಬ್ಬರು ಬ್ರೆಡ್ಡಿಗೆ ಹೋದಾಗ ಇನ್ನೊಬ್ಬರು ಡೇರೆಯ ಇಬ್ಬನಿಯನ್ನು ಒರೆಸಿ ಒಣಗಲು ಹರವಿದರೆ ಒಂಬತ್ತರ ಹೊತ್ತಿಗೆ ಹೊರಡಬಹುದು. ಅಂಗಡಿಯೊಳಗೆ ಕಾಲಿಟ್ಟ ಕೂಡಲೇ, ಏನು ಬೇಕೆಂದು ಹೇಳುವ ಮೊದಲು, ‘ಬೋಂಜೂರ್’ ಎನ್ನುವುದನ್ನು ಮರೆಯಬಾರದು. ಅಲ್ಲಿ ಅದು ಬರಿಯ ಉಪಚಾರವಲ್ಲ. ನಮಸ್ಕಾರ ಹೇಳದೆ ವ್ಯವಹಾರಕ್ಕಿಳಿಯುವುದನ್ನು ಒರಟುತನವೆಂದೇ ಭಾವಿಸುತ್ತಾರೆ, ಆಮೇಲೆ ಎಷ್ಟು ನಯವಾಗಿ ಮಾತಾಡಿದರೂ ಸರಿಹೋಗುವುದಿಲ್ಲ.

ಮಧ್ಯಾಹ್ನ ಹನ್ನೆರಡು ಹನ್ನೆರಡೂವರೆಗೆ ಹಳ್ಳಿಯ ಅಂಗಡಿಗಳು ಮುಚ್ಚಿ, ಎರಡು ಗಂಟೆಯ ನಂತರ, ಕೆಲವೊಮ್ಮೆ ಇನ್ನೂ ತಡವಾಗಿ, ತೆರೆಯುತ್ತವೆ. ಭಾನುವಾರ ಮಧ್ಯಾಹ್ನದ ಮೇಲೆ ಬಹುತೇಕ ಎಲ್ಲವೂ ಬಂದ್. ಸೋಮವಾರವೂ ಅನೇಕ ಅಂಗಡಿಗಳು ತೆರೆಯುವುದಿಲ್ಲ. ಮೇ ತಿಂಗಳಲ್ಲಂತೂ 1 ಮತ್ತು 8ನೇ ತಾರೀಖು ಸೇರಿ ಸಾರ್ವಜನಿಕ ರಜೆಗಳು ಸಾಲಾಗಿ ಬರುತ್ತವೆ. ಇದರ ಪರಿಣಾಮವೆಂದರೆ ಮಧ್ಯಾಹ್ನದ ಊಟದ ಸಾಮಾನನ್ನು ಹನ್ನೊಂದೂವರೆಯೊಳಗೆ ಕೊಂಡಿರಬೇಕು, ಮತ್ತು ಶನಿವಾರ ಸಂಜೆ ಚೀಲದಲ್ಲಿ ಎರಡು ದಿನದ ದಿನಸಿ ಇರಬೇಕು. ಹೋಟೆಲಿನಲ್ಲೇ ಉಣ್ಣುತ್ತೇವೆಂದರೂ ಇದೇ ನಿಯಮ: ಹನ್ನೆರಡರಿಂದ ಎರಡರವರೆಗೆ ಊಟ, ಆಮೇಲೆ ಅಡುಗೆಮನೆ ಮುಚ್ಚಿದರೆ ಸಂಜೆ ಏಳರ ನಂತರವೇ ಮತ್ತೆ ತೆರೆಯುವುದು. ಆಂಬ್ವಾಸ್ ಪಟ್ಟಣದಲ್ಲಿ ಭಾನುವಾರ ಬೆಳಗ್ಗೆ ನದಿಯ ದಂಡೆಯಲ್ಲಿ ದೊಡ್ಡ ಸಂತೆ ಸೇರುವುದರಿಂದ ವಾರಾಂತ್ಯಕ್ಕೆ ಅಲ್ಲಿರುವಂತೆ ಯೋಜಿಸಿದರೆ ತರಕಾರಿಯ ಚಿಂತೆ ತೀರುತ್ತದೆ.

ನೀರಿಗೆ ಒಂದು ಉಪಾಯವಿದೆ, ಕೇಳಿದರೆ ಕೆಲವರು ಮೂಗುಮುರಿಯಬಹುದು. ಊರ ನಡುವೆ ನಲ್ಲಿ ಕಾಣದಿದ್ದರೆ ಸ್ಮಶಾನಕ್ಕೆ ಹೋಗಿರಿ. ಸಮಾಧಿಯ ಮೇಲಿನ ಹೂಗಿಡಗಳಿಗೆ ನೀರುಣಿಸಲು ಅಲ್ಲಿ ಸಾಮಾನ್ಯವಾಗಿ ನಲ್ಲಿ ಇರುತ್ತದೆ, ಸೈಕಲ್ ಪ್ರವಾಸಿಗಳು ಅಲ್ಲಿ ಬಾಟಲಿ ತುಂಬಿಕೊಳ್ಳುವುದು ವಾಡಿಕೆಯೇ ಆಗಿದೆ. ‘ನೋಂ ಪೊತಾಬ್ಲ್’ ಎಂಬ ಫಲಕವಿದ್ದರೆ ಮಾತ್ರ ಅದು ಕುಡಿಯುವ ನೀರಲ್ಲ.

ರಾತ್ರಿಯ ಠಾವು

ಫ್ರಾನ್ಸಿನಲ್ಲಿ ಡೇರೆ ಹೊತ್ತವರ ದೊಡ್ಡ ಭಾಗ್ಯವೆಂದರೆ ಸ್ಥಳೀಯ ಪುರಸಭೆ ನಡೆಸುವ ಕ್ಯಾಂಪಿಂಗ್, ‘ಕಾಂಪಿಂಗ್ ಮ್ಯುನಿಸಿಪಾಲ್’. ಈಜುಕೊಳ, ಆಟದ ಮೈದಾನಗಳ ಖಾಸಗಿ ಕ್ಯಾಂಪಿಂಗ್‌ಗಳಿಗಿಂತ ಇದು ಸರಳ, ಅಗ್ಗ: ಇಬ್ಬರಿಗೂ ಡೇರೆಗೂ ಸೇರಿ ಸಾಮಾನ್ಯವಾಗಿ 10ರಿಂದ 20 ಯೂರೊ. ಕಾರಿಲ್ಲದೆ ಬಂದ ಸೈಕಲ್ ಸವಾರರಿಗೆ ಬೇರೆ ದರ ಇರಬಹುದು, ಕೇಳಬೇಕು. ‘ಅಕ್ಯೂಯಿ ವೇಲೊ’ ಎಂಬ ಗುರುತು ಹಾಕಿದ್ದರೆ ಅಲ್ಲಿ ಸೈಕಲ್ ಇಡಲು ಭದ್ರವಾದ ಜಾಗ, ರಿಪೇರಿಗೆ ಬೇಕಾದ ಸಾಮಾನು ಇರುತ್ತವೆ, ಮತ್ತು ಆ ಜಾಗ ಮಾರ್ಗದಿಂದ 5 ಕಿ.ಮೀ. ಒಳಗೇ ಇರುತ್ತದೆ.

ನಾಲ್ಕೂವರೆ ಐದರ ಹೊತ್ತಿಗೆ ತಲುಪಿದಿರೆಂದುಕೊಳ್ಳಿ. ಗೇಟಿನ ಪಕ್ಕದ ಪುಟ್ಟ ಕಚೇರಿಯ ಕಿಟಕಿಗೆ ಪರದೆ ಎಳೆದಿದೆ. ಗಾಜಿನ ಮೇಲೆ ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಎಂದು ಕೆಲಸದ ವೇಳೆ ಬರೆದ ಹಾಳೆ, ಅದರ ಕೆಳಗೆ ‘ಜಾಗ ಹುಡುಕಿಕೊಂಡು ಡೇರೆ ಹಾಕಿಕೊಳ್ಳಿ, ಆಮೇಲೆ ಬಂದು ಹಣ ಕಟ್ಟಿ’ ಎಂಬರ್ಥದ ಒಂದು ಸಾಲು. ಯಾರಾದರೂ ಬರಲಿ ಎಂದು ಗೇಟಿನಲ್ಲೇ ಕಾಯುತ್ತ ನಿಲ್ಲುವ ಅಗತ್ಯವಿಲ್ಲ. ಗಿಡಸಾಲುಗಳಿಂದ ಬೇರ್ಪಡಿಸಿದ ಚೌಕಗಳಲ್ಲಿ ಖಾಲಿ ಇರುವುದನ್ನು ಆರಿಸಿ, ಅದರ ಸಂಖ್ಯೆ ನೆನಪಿಟ್ಟುಕೊಂಡು, ಡೇರೆಯ ಬಾಗಿಲು ಪಶ್ಚಿಮಕ್ಕೆ ಬಾರದಂತೆ ಹೂಡಿ, ಸ್ನಾನ ಮುಗಿಸಿ ಬರುವಷ್ಟರಲ್ಲಿ ಕಚೇರಿ ತೆರೆದಿರುತ್ತದೆ, ಇಲ್ಲವೇ ಸಿಬ್ಬಂದಿಯೇ ರಸೀತಿ ಪುಸ್ತಕ ಹಿಡಿದು ಡೇರೆಯಿಂದ ಡೇರೆಗೆ ಬರುತ್ತಾರೆ. ಚಿಲ್ಲರೆ ಯೂರೊ ಕೈಯಲ್ಲಿರಲಿ. ಶೌಚಾಲಯದಲ್ಲಿ ಕಾಗದವೂ ಸೋಪೂ ಇರುವ ಭರವಸೆ ಇಲ್ಲ, ನಿಮ್ಮದನ್ನೇ ಒಯ್ಯಬೇಕು. ನಮ್ಮವರು ಜೊತೆಗೊಂದು ಖಾಲಿ ಬಾಟಲಿಯನ್ನೂ ಒಯ್ಯುವುದು ಹೇಳಬೇಕಾದ ಮಾತಲ್ಲ.

ಈ ಮಾರ್ಗದಲ್ಲಿ ಡೇರೆ ಹಾಕಲು ನನಗೆ ಅತ್ಯಂತ ಮೆಚ್ಚಿಗೆಯಾದವು ಊರ ಎದುರಿನ ನಡುಗಡ್ಡೆ ಮತ್ತು ದಂಡೆಯ ಕ್ಯಾಂಪಿಂಗ್‌ಗಳು. ಸೋಮ್ಯೂರ್‌ನಲ್ಲಿ ಒಫಾರ್ ದ್ವೀಪ, ಆಂಬ್ವಾಸ್‌ನಲ್ಲಿ ‘ಇಲ್ ದೋರ್’ ದ್ವೀಪ, ಶಿನೋಂನಲ್ಲಿ ವಿಯೆನ್ ನದಿಯ ದಂಡೆ. ಮೂರು ಕಡೆಯೂ ನೀರಿನಾಚೆ ಕೋಟೆ ಕಾಣುತ್ತದೆ, ಸೇತುವೆ ದಾಟಿದರೆ ಪೇಟೆ. ಇಂಥಲ್ಲಿ ಎರಡು ರಾತ್ರಿ ಉಳಿಯುವುದರಿಂದ ಇನ್ನೊಂದು ಲಾಭವೂ ಇದೆ. ಶಾತೋ ಎಂದು ಕರೆಯುವ ಅರಮನೆಗಳನ್ನು ನೋಡಲು ಹೋದಾಗ ತುಂಬಿದ ಚೀಲಗಳ ಸೈಕಲ್ಲನ್ನು ಹೊರಗೆ ಬಿಟ್ಟು ಇಬ್ಬರೂ ಒಳಗೆ ನೆಮ್ಮದಿಯಿಂದ ತಿರುಗಲಾಗದು. ಹೊರೆಯನ್ನೆಲ್ಲ ಡೇರೆಯಲ್ಲಿ ಬಿಟ್ಟು, ಬೆಲೆಬಾಳುವ ವಸ್ತುಗಳನ್ನು ಮಾತ್ರ ಒಯ್ದು, ಎರಡು ಸೈಕಲ್ಲುಗಳನ್ನೂ ಸೇರಿಸಿ ಬೀಗ ಹಾಕಿ ಹಗುರಾಗಿ ಹೋಗಬಹುದು. ಲಿಯೊನಾರ್ಡೊ ಡಾ ವಿಂಚಿ ತನ್ನ ಕೊನೆಯ ವರ್ಷಗಳನ್ನು ಕಳೆದು 1519ರಲ್ಲಿ ತೀರಿಕೊಂಡ ಕ್ಲೋ ಲ್ಯೂಸೆ ಮನೆ ಆಂಬ್ವಾಸ್ ಊರಲ್ಲೇ ಇದೆ. ಅದೇ 1519ರಲ್ಲಿ ಕಟ್ಟಲು ಆರಂಭಿಸಿದ ಶಾಂಬೋರ್ ಅರಮನೆಗೆ ಬ್ಲ್ವಾ ಕಡೆಯಿಂದ ಹೋಗಿಬರಬಹುದು. ಅದರ ಸುತ್ತಲಿನ ಅರಣ್ಯವನ್ನು 32 ಕಿ.ಮೀ. ಉದ್ದದ ಗೋಡೆ ಬಳಸಿದ್ದು, ಒಳಗಿನ ಸೈಕಲ್ ದಾರಿಗಳು ಅರಮನೆಯಷ್ಟೇ ಚೆನ್ನ.

ನದಿಯ ಮರಳದಿಣ್ಣೆಯ ಮೇಲೆ ಬಿಟ್ಟಿಯಾಗಿ ಡೇರೆ ಹಾಕುವ ಆಸೆ ಯಾರಿಗಾದರೂ ಬರುತ್ತದೆ. ಅದನ್ನು ಹತ್ತಿಕ್ಕಿರಿ. ಸಂರಕ್ಷಿತ ತಾಣ, ಸಮುದ್ರತೀರ, ಕುಡಿಯುವ ನೀರಿನ ಮೂಲದ 200 ಮೀಟರ್ ಆಸುಪಾಸು ಇಲ್ಲೆಲ್ಲ ಡೇರೆ ಹಾಕುವುದನ್ನು ಫ್ರೆಂಚ್ ಕಾನೂನು ನಿಷೇಧಿಸುತ್ತದೆ. ಖಾಸಗಿ ಜಮೀನಿಗೆ ಮಾಲೀಕರ ಒಪ್ಪಿಗೆ ಬೇಕು. ಲ್ವಾರ್ ಕಣಿವೆಯ ಸ್ಯುಲಿಯಿಂದ ಶಲೋನ್‌ವರೆಗಿನ ಭಾಗ 2000ದಿಂದ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಯಲ್ಲಿದೆ. ಬೇಸಿಗೆಯಲ್ಲಿ ಆ ಮರಳದಿಣ್ಣೆಗಳ ಮೇಲೆ ರೀವ ಹಕ್ಕಿಗಳು ಮೊಟ್ಟೆಯಿಡುತ್ತವೆ. ನೀರು ಶಾಂತವಾಗಿ ಕಂಡರೂ ಅಡಿಯ ಮರಳು ಜಾರುತ್ತದೆ, ಸುಳಿಗಳಿವೆ. ಈ ನದಿಯಲ್ಲಿ ಈಜಲು ಇಳಿಯಲೇಬಾರದು.

ಒಲೆ ಮತ್ತು ಅಡುಗೆ

ಗ್ಯಾಸ್ ಕಾರ್ಟ್ರಿಜ್ಜನ್ನು ವಿಮಾನದಲ್ಲಿ ಒಯ್ಯುವಂತಿಲ್ಲ, ಅಲ್ಲಿ ಹೋಗಿಯೇ ಕೊಳ್ಳಬೇಕು. ಆದರೆ ಫ್ರಾನ್ಸಿನಲ್ಲಿ ಎರಡು ಬಗೆಯ ಕಾರ್ಟ್ರಿಜ್‌ಗಳಿವೆ: ಒಲೆಗೆ ತಿರುಪಿನಿಂದ ಕೂರಿಸುವಂಥದ್ದು ಒಂದು, ಒತ್ತಿ ತಿರುಗಿಸಿ ಸಿಕ್ಕಿಸುವ ಕಾಂಪಿಂಗಾಜ್ ಕಂಪನಿಯದು ಇನ್ನೊಂದು. ಹಳ್ಳಿಯ ಸೂಪರ್ ಮಾರ್ಕೆಟ್ಟಿನಲ್ಲಿ ಎರಡನೆಯದೇ ಹೆಚ್ಚಾಗಿ ಕಾಣುತ್ತದೆ, ಭಾರತದಿಂದ ಒಯ್ಯುವ ಒಲೆಗಳಿಗೆ ಬೇಕಾದದ್ದು ಬಹುತೇಕ ಮೊದಲನೆಯದು. ಅದು ಡೆಕಾಥ್ಲಾನ್‌ನಂಥ ದೊಡ್ಡ ಮಳಿಗೆಯಲ್ಲಿ ಸಿಗುತ್ತದೆ. ಹೊರಡುವ ಊರಿನಲ್ಲೇ ಎರಡು ಕೊಂಡಿಡಿ.

ಸಸ್ಯಾಹಾರಿಗಳು ಈ ಭಾಗದಲ್ಲಿ ಅಡುಗೆ ಮಾಡಿಕೊಳ್ಳುವುದೇ ಕ್ಷೇಮ. ಸಾರಿನ ಪುಡಿ, ಚಟ್ನಿಪುಡಿ, ಸಾಸಿವೆ, ಉದ್ದಿನಬೇಳೆ, ಇಂಗು, ಉಪ್ಪಿನಕಾಯಿಯ ಸಣ್ಣ ಡಬ್ಬಿ ಸಾಕು. ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಯೂರೋಪಿನ ಒಕ್ಕೂಟದೊಳಗೆ ತರುವಂತಿಲ್ಲವಾದ್ದರಿಂದ ತುಪ್ಪವನ್ನೂ ಪೇಡೆಯನ್ನೂ ಬಿಟ್ಟು ಹೋಗಬೇಕು. ಹಸಿ ಕರಿಬೇವನ್ನೂ ಒಯ್ಯಬೇಡಿ. ‘ಲಾಂತಿಯ್ ಕೊರಾಯ್’ ಎಂದು ಮಾರುವುದು ನಮ್ಮ ಮಸೂರ ಬೇಳೆಯೇ, ಕುಕ್ಕರ್ ಇಲ್ಲದೆ ಹದಿನೈದು ನಿಮಿಷದಲ್ಲಿ ಬೇಯುತ್ತದೆ. ಅದಕ್ಕೂ ಸುಲಭವಾದದ್ದು ಕುಸ್ಕುಸ್ ಎಂಬ ಗೋಧಿ ರವೆಯ ಸಣ್ಣ ಕಾಳು. ಸಣ್ಣ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಉದ್ದಿನಬೇಳೆ ಕೆಂಪಗಾದ ಮೇಲೆ ಈರುಳ್ಳಿ, ಟೊಮೆಟೊ ಬಾಡಿಸಿ, ಕುಸ್ಕುಸ್ಸಿನಷ್ಟೇ ಅಳತೆಯ ನೀರು ಹಾಕಿ ಕುದಿ ಬಂದೊಡನೆ ಒಲೆ ಆರಿಸಿ, ಕಾಳು ಸುರಿದು ಐದು ನಿಮಿಷ ಮುಚ್ಚಿಟ್ಟರೆ ಉಪ್ಪಿಟ್ಟು ಸಿದ್ಧ. ಗಂಟು ಕಟ್ಟುವ ಭಯವಿಲ್ಲ, ಗ್ಯಾಸೂ ಉಳಿಯುತ್ತದೆ. ಗಾಳಿಗೆ ಉರಿ ಹಾರದಂತೆ ಒಲೆಯನ್ನು ಪ್ಯಾನಿಯರ್ ಚೀಲಗಳ ಮರೆಯಲ್ಲಿಡಬಹುದು, ಆದರೆ ಎಷ್ಟೇ ಮಳೆ ಬಂದರೂ ಡೇರೆಯೊಳಗೆ ಹಚ್ಚಬಾರದು: ಬೆಂಕಿಯ ಅಪಾಯ ಒಂದೆಡೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಇನ್ನೊಂದೆಡೆ.

ಈ ಸೀಮೆಯ ಮೇಕೆ ಹಾಲಿನ ಚೀಸ್ ಹೆಸರುವಾಸಿ. ಸೇಂತ್-ಮೋರ್ ಎಂಬ ಕೊಳವೆಯಾಕಾರದ ಚೀಸಿನ ನಡುವೆ ರೈ ಹುಲ್ಲಿನ ಕಡ್ಡಿಯೊಂದಿರುತ್ತದೆ, ಅದನ್ನು ಎಳೆದುಹಾಕಿ ತಿನ್ನುವುದು. ಇಂಥ ಸಾಂಪ್ರದಾಯಿಕ ಚೀಸುಗಳನ್ನು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದುಂಟು, ಕಟ್ಟುನಿಟ್ಟಿನ ಸಸ್ಯಾಹಾರಿಗಳು ಇದನ್ನು ತಿಳಿದಿರಬೇಕು. ಸೋಮ್ಯೂರ್ ಸುತ್ತಮುತ್ತ, ಅರಮನೆಗಳಿಗೆಂದು ತ್ಯುಫೋ ಎಂಬ ಬಿಳಿ ಮೆದುಗಲ್ಲನ್ನು ಅಗೆದು ಉಳಿದ ಗುಹೆಗಳಲ್ಲಿ ಅಣಬೆ ಬೆಳೆಯುತ್ತಾರೆ. ಕೊಂಡು ತಂದು ಬರೀ ಉಪ್ಪು ಮೆಣಸಿನಲ್ಲಿ ಹುರಿದರೂ ರುಚಿ.

ರಸ್ತೆಯ ಮೇಲೆ

ಬಲಬದಿಯ ಸಂಚಾರಕ್ಕೆ ಒಂದೆರಡು ದಿನದಲ್ಲಿ ಒಗ್ಗಿಕೊಳ್ಳುತ್ತೇವೆ. ತಪ್ಪುವುದು ವಿಶ್ರಾಂತಿಯ ನಂತರ ಖಾಲಿ ರಸ್ತೆಗೆ ಮತ್ತೆ ಇಳಿಯುವ ಕ್ಷಣದಲ್ಲಿ. ಇನ್ನೊಂದು ನಮಗೆ ಹೊಸತು: ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕು, ನಿಮ್ಮದು ಮುಖ್ಯರಸ್ತೆಯಂತೆ ಕಂಡರೂ ಸರಿ. ವೃತ್ತಗಳಲ್ಲಿ ಸಾಮಾನ್ಯವಾಗಿ ಎಡದಿಂದ ಬರುವವರಿಗೆ, ಅಂದರೆ ಆಗಲೇ ವೃತ್ತದೊಳಗೆ ಇರುವವರಿಗೆ ಆದ್ಯತೆ. ಮಾರ್ಗ ಬಿಟ್ಟು ಹೋಗಬೇಕಾದಾಗ ನಕ್ಷೆಯಲ್ಲಿ ‘ಡಿ’ ಅಕ್ಷರ ಮತ್ತು ದೊಡ್ಡ ಸಂಖ್ಯೆಯ ಸಣ್ಣ ರಸ್ತೆಗಳನ್ನು ಆರಿಸಿ, ‘ಎನ್’ ಅಕ್ಷರದವನ್ನು ತಪ್ಪಿಸಿರಿ. ಇಯರ್‌ಫೋನ್ ಹಾಕಿಕೊಂಡು ತುಳಿಯುವುದು ಕಾನೂನುಬಾಹಿರ. ಊರಾಚೆ ರಾತ್ರಿ ಅಥವಾ ಮಬ್ಬಿನಲ್ಲಿ ಹೊಳೆಯುವ ಜಾಕೆಟ್ ಕಡ್ಡಾಯ. ವಯಸ್ಕರಿಗೆ ಹೆಲ್ಮೆಟ್ ಕಡ್ಡಾಯವಲ್ಲದಿದ್ದರೂ ಹಾಕಿಕೊಳ್ಳಿ. ತುರ್ತಿಗೆ 112.

ಒಬ್ಬರಿಗೆ ಸುಸ್ತಾದರೆ ರೈಲಿದೆ. ಮಾರ್ಗ ಬಹುಪಾಲು ರೈಲುಹಳಿಯ ಹತ್ತಿರವೇ ಇರುವುದರಿಂದ ಟಿಇಆರ್ ಎಂಬ ಪ್ರಾದೇಶಿಕ ಗಾಡಿಗೆ ಸೈಕಲ್ ಏರಿಸಿ ಮುಂದಿನ ಊರು ಸೇರಬಹುದು. ಬೇಸಿಗೆಯಲ್ಲಿ ಕೆಲವು ಗಾಡಿಗಳಿಗೆ ಸೈಕಲ್ಲಿನ ಜಾಗವನ್ನೂ ಮುಂಗಡ ಕಾಯ್ದಿರಿಸಬೇಕಾಗುತ್ತದೆ. ಪ್ಲಾಟ್‌ಫಾರಂನಲ್ಲಿ ಚೀಲಗಳನ್ನು ಮೊದಲೇ ಬಿಚ್ಚಿಟ್ಟುಕೊಂಡು, ಒಬ್ಬರು ಸೈಕಲ್ಲುಗಳನ್ನೂ ಇನ್ನೊಬ್ಬರು ಚೀಲಗಳನ್ನೂ ನೋಡಿಕೊಂಡರೆ ಗಾಡಿ ನಿಲ್ಲುವ ಎರಡು ಮೂರು ನಿಮಿಷ ಸಾಕಾಗುತ್ತದೆ.

ಓರ್ಲೆಯಾಂ ತಲುಪಿದ ಮೇಲೆ ಸೈಕಲ್ ಹಿಂದಿರುಗಿಸುವ ಮಳಿಗೆಯೂ ಮಧ್ಯಾಹ್ನ ಮುಚ್ಚುತ್ತದೆಯೇ ಎಂದು ಮುನ್ನಾದಿನವೇ ಫೋನ್ ಮಾಡಿ ಕೇಳಿರಿ. ಉಳಿದ ಗ್ಯಾಸನ್ನು ಕೊನೆಯ ಕ್ಯಾಂಪಿಂಗ್‌ನಲ್ಲಿ ಅಕ್ಕಪಕ್ಕದ ಡೇರೆಯವರಿಗೆ ಕೊಟ್ಟುಬಿಡಿ, ಅವರಿಗೂ ಬೇಡವಾದರೆ ಕಚೇರಿಯಲ್ಲಿ ಒಪ್ಪಿಸಿರಿ. ಅಲ್ಲಿಂದ ಪ್ಯಾರಿಸ್ಸಿನ ಓಸ್ಟರ್ಲಿಟ್ಜ್ ನಿಲ್ದಾಣಕ್ಕೆ ರೈಲಿನಲ್ಲಿ ಒಂದು ಗಂಟೆಗೆ ತುಸು ಹೆಚ್ಚು ಹಿಡಿಯುತ್ತದೆ. ವಿಮಾನ ಮಾರನೆಯ ದಿನದ್ದಾಗಿದ್ದರೆ ಡೇರೆಯನ್ನು ಒಣಗಿಸಿ ಮಡಿಸಲು ಸಮಯ ಸಿಗುತ್ತದೆ.